ಎ.ಟಿ.ವಿ. ಬಂಡಿಯ ಗಾಳಿಪೆಟ್ಟಿಗೆ: ಕಡಮೆ ಖರ್ಚಿನಲ್ಲಿ ಮಾಡಬಹುದಾದ ಸುಧಾರಣೆಗಳು



ತೋಟದ ಇಳಿಜಾರಿನಲ್ಲಿ ಗೊಬ್ಬರದ ಚೀಲ ಏರಿಸಲು, ಕೊಯ್ದ ಕಾಫಿ ಹಣ್ಣನ್ನು ಪಲ್ಪರಿಗೆ ಸಾಗಿಸಲು, ಅಡಿಕೆ ಗೊನೆಗಳನ್ನು ಅಂಗಳಕ್ಕೆ ತರಲು ನಾಲ್ಕು ಚಕ್ರದ ಚಿಕ್ಕ ಬಂಡಿಗಳನ್ನು, ಅಂದರೆ ಎ.ಟಿ.ವಿ.ಗಳನ್ನು, ನಮ್ಮಲ್ಲಿ ಕೆಲವರು ಬಳಸುತ್ತಿದ್ದೇವೆ. ಹೊಸದನ್ನು ಕೊಂಡವರು ಕಡಮೆ. ಹಳೆಯದನ್ನು ಕೊಂಡು, ರಿಪೇರಿ ಮಾಡಿಸಿ, ದುಡಿಸುವವರೇ ಹೆಚ್ಚು. ಇಂಥ ಬಂಡಿ ಏರಿನಲ್ಲಿ ಏದುಸಿರು ಬಿಡತೊಡಗಿದಾಗ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: "ಏರ್ ಬಾಕ್ಸಿನ ಮುಚ್ಚಳ ತೆಗೆದುಬಿಡಿ, ಗಾಳಿ ಚೆನ್ನಾಗಿ ಆಡುತ್ತದೆ."

ನಾವೂ ಈ ಮಾತನ್ನು ಕೇಳಿ ಮುಚ್ಚಳ ತೆಗೆದವರೇ. ಮೊದಲ ವಾರ ಬಂಡಿ ಚುರುಕಾದಂತೆ ಕಂಡಿತು. ಶಬ್ದ ಜೋರಾದ್ದರಿಂದ ಶಕ್ತಿಯೂ ಹೆಚ್ಚಿತೆಂದು ನಂಬಿದೆವು. ಕೊಯ್ಲಿನ ಮೂರು ತಿಂಗಳು ಕೆಮ್ಮಣ್ಣಿನ ಧೂಳಿನಲ್ಲಿ ಹಾಗೆಯೇ ಓಡಿಸಿದೆವು. ಮುಂದಿನ ಮಳೆಗಾಲದ ಹೊತ್ತಿಗೆ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತು, ಎಣ್ಣೆ ಕುಡಿಯತೊಡಗಿತು. ಬಿಚ್ಚಿ ನೋಡಿದಾಗ ಬೋರು ಸವೆದಿತ್ತು, ರಿಂಗುಗಳು ಮುಗಿದಿದ್ದವು. ಆ ವರ್ಷ ಕರಿಮೆಣಸಿನಿಂದ ಬಂದ ಹಣ ಪೂರ್ತಿ ಬೋರಿಂಗಿಗೆ ಹೋಯಿತು. ಅದರಿಂದ ಕಲಿತದ್ದನ್ನೂ, ಆಮೇಲೆ ಸ್ವಲ್ಪ ಖರ್ಚಿನಲ್ಲಿ ಸರಿಪಡಿಸಿಕೊಂಡ ಬಗೆಯನ್ನೂ ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಎಂಜಿನ್ನಿಗೆ ಗಾಳಿ ಎಷ್ಟು ಬೇಕು?

ಪೆಟ್ರೋಲಿನ ಲೆಕ್ಕವನ್ನು ನಾವೆಲ್ಲರೂ ಇಡುತ್ತೇವೆ. ಗಾಳಿಯ ಲೆಕ್ಕ ಇಡುವವರಿಲ್ಲ. ಪೆಟ್ರೋಲು ಸರಿಯಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಾಲು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲು ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ. ಅಂದರೆ ಅದಕ್ಕೆ ಸುಮಾರು 11 ಕಿಲೋ ಗಾಳಿ ಬೇಕಾಯಿತು. ಇದನ್ನು ಗಾತ್ರಕ್ಕೆ ತಿರುಗಿಸಿದರೆ ಸಮುದ್ರಮಟ್ಟದಲ್ಲಿ 9,000 ಲೀಟರ್ ಆಗುತ್ತದೆ. ಔಷಧಿ ಕಲಸುವ 200 ಲೀಟರಿನ ಡ್ರಮ್ಮುಗಳಲ್ಲಿ ಅಳೆದರೆ 45 ಡ್ರಮ್ಮು. ಒಂದು ಲೀಟರ್ ಪೆಟ್ರೋಲು ಮುಗಿಯುವಷ್ಟರಲ್ಲಿ ಇಷ್ಟು ಗಾಳಿ ಆ ಚಿಕ್ಕ ಸ್ಪಂಜಿನ ಮೂಲಕ ಹಾದುಹೋಗಬೇಕು. ಗಾಳಿಯೊಂದಿಗೆ ಅದರಲ್ಲಿರುವ ಧೂಳೂ ಬರುತ್ತದೆ.

ಎತ್ತರದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಮಡಿಕೇರಿ, ಚಿಕ್ಕಮಗಳೂರು ಪಟ್ಟಣಗಳು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿವೆ. ಆ ಎತ್ತರದಲ್ಲಿ ಗಾಳಿ ಸುಮಾರು ನೂರಕ್ಕೆ ಹತ್ತು ಪಾಲು ತೆಳುವಾಗಿರುತ್ತದೆ. ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಮೆ ಅಷ್ಟೇ ತಗ್ಗುತ್ತದೆ. ಇದು ಗಾಳಿಪೆಟ್ಟಿಗೆಯ ದೋಷವಲ್ಲ. ಪೆಟ್ಟಿಗೆಯನ್ನು ಎಷ್ಟು ಕೊರೆದರೂ ಈ ನಷ್ಟ ತುಂಬುವುದಿಲ್ಲ. ಮಂಗಳೂರಿನ ಕಡೆ ಓಡಿದ ಬಂಡಿಯನ್ನು ಘಟ್ಟದ ಮೇಲೆ ತಂದವರು ಇದನ್ನು ನೆನಪಿಡಬೇಕು.

ಪೆಟ್ಟಿಗೆಯೊಳಗೆ ಏನೇನಿದೆ?

ಈ ಬಂಡಿಗಳು ಮೊದಲು ಬಂದದ್ದು ಆಟಕ್ಕೆ. ಹೋಂಡಾದವರು ಮೂರು ಚಕ್ರದ ಬಂಡಿಯನ್ನು 1970ರಲ್ಲಿ ಮಾರಾಟಕ್ಕೆ ತಂದರು. ಸುಜುಕಿಯವರು ನಾಲ್ಕು ಚಕ್ರದ್ದನ್ನು 1982ರಲ್ಲಿ ತಂದರು. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ರೈತರು ಅದನ್ನು ಕುರಿ, ದನಗಳ ಹಿಂದೆ ಓಡಿಸಿ ದುಡಿಮೆಯ ಬಂಡಿಯಾಗಿ ಮಾಡಿಕೊಂಡರು. ಕೆಸರು, ನೀರು, ಧೂಳು ಮೂರರಲ್ಲೂ ಓಡಬೇಕಾದ್ದರಿಂದ ಗಾಳಿಪೆಟ್ಟಿಗೆಯನ್ನು ಸೀಟಿನ ಅಡಿಯಲ್ಲಿ, ಇಲ್ಲವೆ ಅದರ ಮುಂದೆ, ಎತ್ತರದಲ್ಲಿ ಇಟ್ಟಿರುತ್ತಾರೆ.

ಪೆಟ್ಟಿಗೆಯಲ್ಲಿ ಮುಖ್ಯವಾಗಿ ಐದು ಭಾಗಗಳಿವೆ. ಹೊರಗಿನ ಗಾಳಿಯನ್ನು ಸೇದುವ ಮೂತಿಕೊಳವೆ ಮೊದಲನೆಯದು. ಎರಡನೆಯದು ಮುಚ್ಚಳ ಮತ್ತು ಅದರ ರಬ್ಬರ್ ಅಂಚು. ಮೂರನೆಯದು ಫಿಲ್ಟರ್, ಇದು ಎಣ್ಣೆ ಹಚ್ಚಿದ ಸ್ಪಂಜಿನದು, ಇಲ್ಲವೆ ಮಡಿಕೆ ಕಾಗದದ್ದು. ನಾಲ್ಕನೆಯದು ಪೆಟ್ಟಿಗೆಯಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ತೋಳು. ಐದನೆಯದು ತಳದಲ್ಲಿ ನೀರು ಇಳಿಯಲು ಇರುವ ಚಿಕ್ಕ ಕೊಳವೆ. ಎಂಜಿನ್ನಿನ ಕ್ರ್ಯಾಂಕ್ ಕೇಸಿನಿಂದ ಬರುವ ಉಸಿರುಕೊಳವೆಯೂ ಸಾಮಾನ್ಯವಾಗಿ ಇದೇ ಪೆಟ್ಟಿಗೆಗೆ ಸೇರುತ್ತದೆ.

ಫಿಲ್ಟರಿನ ಹೊರಗಿನ ಭಾಗವನ್ನು ಕೊಳೆಯ ಮಗ್ಗುಲು ಎನ್ನೋಣ, ಎಂಜಿನ್ನಿನ ಕಡೆಯ ಭಾಗವನ್ನು ಶುದ್ಧ ಮಗ್ಗುಲು ಎನ್ನೋಣ. ಮುಂದೆ ಹೇಳುವ ಎಲ್ಲ ಬದಲಾವಣೆಗಳೂ ಕೊಳೆಯ ಮಗ್ಗುಲಿಗೆ ಮಾತ್ರ. ಶುದ್ಧ ಮಗ್ಗುಲಲ್ಲಿ ಸೂಜಿಮೊನೆಯಷ್ಟು ತೂತನ್ನೂ ಮಾಡಬಾರದು.

ಮುಚ್ಚಳ ತೆಗೆದರೆ ಆಗುವುದೇನು?

ಮೂತಿಕೊಳವೆ ಕಿರಿದಾಗಿರುವುದು ಬಹುಮಟ್ಟಿಗೆ ಶಬ್ದ ತಗ್ಗಿಸಲು. ಆದ್ದರಿಂದ ಅದರಲ್ಲಿ ಸ್ವಲ್ಪ ಅಡಚಣೆ ಇರುವುದು ನಿಜ. ಆದರೆ ಮುಚ್ಚಳ ಪೂರ್ತಿ ತೆಗೆದಾಗ ಆಗುವ ತೊಂದರೆಗಳು ನಾಲ್ಕು.

ಮೊದಲನೆಯದಾಗಿ, ಚಕ್ರಗಳು ಎಬ್ಬಿಸುವ ಧೂಳು ನೇರವಾಗಿ ಸ್ಪಂಜಿನ ಮೇಲೆ ಬೀಳುತ್ತದೆ. ವಾರಕ್ಕೊಮ್ಮೆ ತೊಳೆಯಬೇಕಾದ ಸ್ಪಂಜು ಒಂದೇ ದಿನದಲ್ಲಿ ಕಟ್ಟುತ್ತದೆ. ಧೂಳಿನಲ್ಲಿರುವ ಸ್ಫಟಿಕದ ಕಣ ಬೋರಿನ ಕಬ್ಬಿಣಕ್ಕಿಂತ ಗಟ್ಟಿ. ಅದು ಎಣ್ಣೆಯೊಂದಿಗೆ ಬೆರೆತರೆ ಸಾಣೆಯ ಕೆಲಸ ಮಾಡುತ್ತದೆ.

ಎರಡನೆಯದಾಗಿ, ಪೆಟ್ರೋಲು ಹಾಗೆಯೇ ಇದ್ದು ಗಾಳಿ ಮಾತ್ರ ಹೆಚ್ಚಾದರೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ನು ಕಾಯುತ್ತದೆ. ಮೂರನೆಯದಾಗಿ, ನಿರ್ವಾತದಿಂದ ಸ್ಲೈಡ್ ಏಳುವ ಬಗೆಯ ಕಾರ್ಬುರೇಟರುಗಳಿಗೆ ಪೆಟ್ಟಿಗೆಯೊಳಗಿನ ನಿಶ್ಚಲ ಗಾಳಿ ಬೇಕು. ಮುಚ್ಚಳ ಇಲ್ಲದಿದ್ದರೆ ನಡುವೇಗದಲ್ಲಿ ಬಂಡಿ ತಡವರಿಸುತ್ತದೆ.

ನಾಲ್ಕನೆಯದು ಶಬ್ದ. ಆನೆ ತಿರುಗುವ ತೋಟಗಳಲ್ಲಿ ಇದು ಸಣ್ಣ ಮಾತಲ್ಲ. ಬೆಳಗಿನ ಮಂಜಿನಲ್ಲಿ ಬಿದಿರು ಮುರಿಯುವ ಸದ್ದು ಬಂಡಿಯ ಮೇಲೆ ಕೂತವನಿಗೂ ಕೇಳಬೇಕು.

ಅಡಚಣೆ ಎಲ್ಲಿದೆ ಎಂದು ಮೊದಲು ಅಳೆಯಿರಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇದೆ. ಬ್ರೇಕ್ ಹಿಡಿದುಕೊಂಡಿದ್ದರೂ, ಬೆಲ್ಟು ಸವೆದಿದ್ದರೂ, ಸೈಲೆನ್ಸರಿನಲ್ಲಿ ಮಸಿ ಕಟ್ಟಿದ್ದರೂ ಬಂಡಿ ಏರು ಹತ್ತುವುದಿಲ್ಲ. ಗಾಳಿಯದೇ ದೋಷವೆಂದು ಖಚಿತ ಮಾಡಿಕೊಳ್ಳಲು ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಟ್ಯೂಬು ಸಾಕು.

ಸುಮಾರು ಎಂಟು ಅಡಿ ಟ್ಯೂಬನ್ನು ಒಂದು ಹಲಗೆಗೆ ಇಂಗ್ಲಿಷಿನ 'ಯು' ಅಕ್ಷರದಂತೆ ಬಿಗಿದು, ಎರಡು ಕಾಲುಗಳೂ ಅರ್ಧಕ್ಕೆ ಬರುವಂತೆ ಬಣ್ಣದ ನೀರು ತುಂಬಿರಿ. ಪ್ರತಿ ಕಾಲೂ ಎರಡೂವರೆ, ಮೂರು ಅಡಿ ಎತ್ತರವಿರಲಿ. ನೀರು ಎಂಜಿನ್ನಿಗೆ ಎಳೆದುಹೋಗಬಾರದಾದ್ದರಿಂದ ಈ ಎತ್ತರ ಬೇಕೇಬೇಕು. ಕ್ರ್ಯಾಂಕ್ ಕೇಸಿನ ಉಸಿರುಕೊಳವೆ ಪೆಟ್ಟಿಗೆಯ ಶುದ್ಧ ಮಗ್ಗುಲಿಗೆ ಸೇರಿದ್ದರೆ, ಅದನ್ನು ತಾತ್ಕಾಲಿಕವಾಗಿ ಕಳಚಿ, ಬಾಯಿಗೆ ಬಟ್ಟೆ ಸುತ್ತಿ, ಆ ಜಾಗಕ್ಕೆ ಟ್ಯೂಬಿನ ಒಂದು ತುದಿಯನ್ನು ಗಾಳಿ ನುಸುಳದಂತೆ ಸೇರಿಸಿರಿ. ಹೊಸ ತೂತು ಕೊರೆಯುವ ಅಗತ್ಯವಿಲ್ಲ. ಇನ್ನೊಂದು ತುದಿ ಬಯಲಿಗೆ ತೆರೆದಿರಲಿ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ನೀರು ಕುಣಿಯುತ್ತದೆ. ಬಾಲ್ ಪೆನ್ನಿನ ಖಾಲಿ ರೀಫಿಲ್ಲಿನ ಒಂದಂಗುಲ ತುಂಡಿಗೆ ಟೇಪು ಸುತ್ತಿ ಟ್ಯೂಬಿನ ಬಾಯಿಗೆ ತುರುಕಿದರೆ ಕುಣಿತ ನಿಲ್ಲುತ್ತದೆ.

ಹಲಗೆಯನ್ನು ಮುಂದಿನ ಕ್ಯಾರಿಯರಿಗೆ ಅಡ್ಡಲಾಗಿ ಕಟ್ಟಬೇಕು. ಎರಡು ಕಾಲುಗಳೂ ಎಡಬಲಕ್ಕೆ ಇದ್ದರೆ ಏರು ಹತ್ತುವಾಗ ಲೆಕ್ಕ ತಪ್ಪುವುದಿಲ್ಲ. ಓಡಿಸುವವನು ನೀರನ್ನು ನೋಡುತ್ತಾ ಕೂರಬಾರದು. ಮೊಬೈಲ್ ಫೋನನ್ನು ಹಲಗೆಯ ಎದುರಿಗೆ ಕಟ್ಟಿ ವಿಡಿಯೋ ತೆಗೆದು ಆಮೇಲೆ ನೋಡಬಹುದು.

ಒಂದೇ ಏರನ್ನು, ಒಂದೇ ಗೇರಿನಲ್ಲಿ, ಒಂದೇ ಹೊರೆಯೊಂದಿಗೆ ಮೂರು ಸಲ ಹತ್ತಿರಿ. ಮೊದಲು ಇದ್ದಂತೆಯೇ, ನಂತರ ತೊಳೆದ ಫಿಲ್ಟರಿನೊಂದಿಗೆ, ಕೊನೆಗೆ ತೊಳೆದ ಫಿಲ್ಟರ್ ಇಟ್ಟು ಮೂತಿಕೊಳವೆ ತೆಗೆದು. ಧೂಳಿಲ್ಲದ, ಸ್ವಲ್ಪ ತೇವವಿರುವ ದಾರಿಯನ್ನು ಆರಿಸಿಕೊಳ್ಳಿ. ಫಿಲ್ಟರ್ ಇಲ್ಲದೆ ಮಾತ್ರ ಎಂದಿಗೂ ಓಡಿಸಬೇಡಿ. ಎರಡು ಕಾಲುಗಳ ನೀರಿನ ವ್ಯತ್ಯಾಸವನ್ನು ಅಂಗುಲದಲ್ಲಿ ಬರೆದಿಡಿ. ವ್ಯತ್ಯಾಸ ಹೆಚ್ಚಿದ್ದಷ್ಟೂ ಅಡಚಣೆ ಹೆಚ್ಚು.

ಎರಡನೆಯ ಸಲ ವ್ಯತ್ಯಾಸ ಬಹಳ ಇಳಿದರೆ ಫಿಲ್ಟರಿನ ಕೊಳೆಯೇ ಕಾರಣ. ಅಲ್ಲಿಗೆ ಕೆಲಸ ಮುಗಿಯಿತು. ಮೂರನೆಯ ಸಲ ಮಾತ್ರ ಇಳಿದರೆ ಮೂತಿಕೊಳವೆ ಕಿರಿದು ಎಂದರ್ಥ. ಮೂರರಲ್ಲೂ ಒಂದೇ ಬಂದರೆ ಪೆಟ್ಟಿಗೆಯನ್ನು ಬಿಟ್ಟು ದೋಷವನ್ನು ಬೇರೆಡೆ ಹುಡುಕಬೇಕು. ನಮ್ಮ ಬಂಡಿಯಲ್ಲಿ ಮುಕ್ಕಾಲು ಪಾಲು ಅಡಚಣೆ ಫಿಲ್ಟರಿನ ಕೊಳೆಯಿಂದಲೇ ಇತ್ತು. ಇದನ್ನು ಮೊದಲೇ ಅಳೆದಿದ್ದರೆ ಮುಚ್ಚಳಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ಖರ್ಚಿಲ್ಲದ ಕೆಲಸಗಳು

1. ಸ್ಪಂಜನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದುಮಿ ತೊಳೆಯಿರಿ. ಹಿಂಡಿ ತಿರುಚಬೇಡಿ, ಹರಿಯುತ್ತದೆ. ಪೆಟ್ರೋಲಿನಲ್ಲಿ ತೊಳೆದರೆ ಅಂಟು ಬಿಡುತ್ತದೆ, ಬೆಂಕಿಯ ಭಯವೂ ಇದೆ. ನೆರಳಿನಲ್ಲಿ ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ, ಅಂಗೈಗಳ ನಡುವೆ ಒತ್ತಿ ಹೆಚ್ಚಿನದನ್ನು ತೆಗೆಯಿರಿ. ಫಿಲ್ಟರ್ ಎಣ್ಣೆ ಸಿಗದಿದ್ದರೆ ದಪ್ಪ ಗೇರ್ ಎಣ್ಣೆ ಆದೀತು. ಎಣ್ಣೆಯಿಲ್ಲದ ಸ್ಪಂಜು ಸಣ್ಣ ಧೂಳನ್ನು ತಡೆಯುವುದಿಲ್ಲ. ಎಣ್ಣೆ ಹೆಚ್ಚಾದರೆ ಗಾಳಿಯನ್ನೇ ತಡೆಯುತ್ತದೆ.

2. ಕಾಗದದ ಫಿಲ್ಟರಿಗೆ ನೀರೂ ಬೇಡ, ಎಣ್ಣೆಯೂ ಬೇಡ. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಕಡಮೆ ಒತ್ತಡದ ಗಾಳಿ ಬಿಡಬಹುದು. ಬಹಳ ಕಟ್ಟಿದ್ದರೆ ಬದಲಿಸುವುದೇ ಲೇಸು.

3. ಫಿಲ್ಟರ್ ಕೂರುವ ಅಂಚಿಗೆ ತೆಳ್ಳಗೆ ಗ್ರೀಸು ಹಚ್ಚಿರಿ. ರಬ್ಬರ್ ತೋಳಿನಲ್ಲಿ ಬಿರುಕಿದೆಯೇ, ಹೋಸ್ ಕ್ಲಿಪ್ಪು ಬಿಗಿಯಾಗಿದೆಯೇ ನೋಡಿರಿ. ನಂತರ ಬಿಳಿ ಬಟ್ಟೆ ಸುತ್ತಿದ ಬೆರಳನ್ನು ತೋಳಿನ ಒಳಗೆ ಆಡಿಸಿರಿ. ಬಟ್ಟೆ ಕೆಂಪಾದರೆ ಧೂಳು ಒಳಗೆ ಹೋಗುತ್ತಿದೆ. ಅದನ್ನು ಸರಿಪಡಿಸದೆ ಮುಂದಿನ ಯಾವ ಕೆಲಸವನ್ನೂ ಮಾಡಬಾರದು.

4. ಮಳೆಗಾಲದಲ್ಲಿ ನಿಂತ ಬಂಡಿಯ ಪೆಟ್ಟಿಗೆಯನ್ನು ಬಿಚ್ಚಿ ನೋಡಿರಿ. ಕುಂಬಾರ ಹುಳು ಮೂತಿಕೊಳವೆಯಲ್ಲಿ ಮಣ್ಣಿನ ಗೂಡು ಕಟ್ಟಿರಬಹುದು. ಇಲಿಗಳು ಅಡಿಕೆ ಸಿಪ್ಪೆಯ ನಾರು ತಂದು ಹಾಸಿಗೆ ಮಾಡಿರಬಹುದು. ನಾವು ಒಮ್ಮೆ ಎರಡು ಹಿಡಿ ನಾರು ತೆಗೆದದ್ದುಂಟು.

ಮೂತಿಕೊಳವೆಯ ಬದಲಾವಣೆ

ಮೂತಿಕೊಳವೆಯೇ ಕಿರಿದೆಂದು ಅಳತೆಯಲ್ಲಿ ಕಂಡವರಿಗೆ ಮಾತ್ರ ಈ ಭಾಗ. ಗ್ಯಾರಂಟಿ ಅವಧಿಯಲ್ಲಿರುವ ಬಂಡಿಗೆ ಇದನ್ನು ಮಾಡಬೇಡಿ.

ಕೊಳವೆಯ ಬಾಯಿಯ ವಿಸ್ತೀರ್ಣ ಅದರ ವ್ಯಾಸದ ವರ್ಗದಂತೆ ಬೆಳೆಯುತ್ತದೆ. 30 ಮಿ.ಮೀ. ಒಳವ್ಯಾಸದ ಕೊಳವೆಯ ಬದಲು 40 ಮಿ.ಮೀ. ಹಾಕಿದರೆ 900ಕ್ಕೆ 1,600ರ ಲೆಕ್ಕವಾಯಿತು, ಅಂದರೆ ಮುಕ್ಕಾಲು ಪಾಲಿಗೂ ಹೆಚ್ಚು ಜಾಗ. ಅದೇ ಮುಚ್ಚಳಕ್ಕೆ 20 ಮಿ.ಮೀ.ನ ಎರಡು ತೂತು ಕೊರೆದರೆ ಒಟ್ಟು 800 ಮಾತ್ರ. ಹೀಗೆ ತೂತು ಕೊರೆಯುವುದಕ್ಕಿಂತ ಒಂದೇ ಅಗಲ ಕೊಳವೆ ಮೇಲು. ಜೊತೆಗೆ, ಕೊಳವೆಯ ಬಾಯನ್ನು ಧೂಳಿನಿಂದ ದೂರ ಒಯ್ಯಬಹುದು. ನೆಲದ ಹತ್ತಿರ ಧೂಳು ದಟ್ಟ, ಹ್ಯಾಂಡಲಿನ ಎತ್ತರದಲ್ಲಿ ಕಡಮೆ. ಗಾಳಿಯ ಪ್ರಮಾಣಕ್ಕಿಂತ ಈ ಲಾಭವೇ ದೊಡ್ಡದು.

ಪೆಟ್ಟಿಗೆಯನ್ನು ಬಂಡಿಯಿಂದ ಪೂರ್ತಿ ಬಿಚ್ಚಿಕೊಂಡೇ ಕೆಲಸ ಮಾಡಬೇಕು. ಕಾರ್ಬುರೇಟರಿನ ಬಾಯಿಗೆ ಬಟ್ಟೆ ತುರುಕಿಡಿ. ಹಳೆಯ ಮೂತಿಕೊಳವೆಯನ್ನು ಕತ್ತರಿಸದೆ ಜೋಪಾನವಾಗಿ ಎತ್ತಿಡಿ, ಮತ್ತೆ ಬೇಕಾದೀತು. ಅದರ ಜಾಗಕ್ಕೆ ನೀರಿನ ಪಿ.ವಿ.ಸಿ. ಪೈಪನ್ನು ಕೂರಿಸಿ, ಸಂದನ್ನು ಎಂ-ಸೀಲ್‌ನಿಂದ ಮುಚ್ಚಿರಿ. ಮೂಲೆ ತಿರುವುಗಳು ಎರಡಕ್ಕಿಂತ ಹೆಚ್ಚು ಬೇಡ, ಮೊನಚು ಮೂಲೆಗಿಂತ ಉದ್ದ ಬಾಗಿನ ತಿರುವು ಒಳ್ಳೆಯದು. ಹ್ಯಾಂಡಲ್ ತಿರುಗಲು, ಕೇಬಲ್ಲುಗಳು ಆಡಲು ಅಡ್ಡಿಯಾಗಬಾರದು. ಸೈಲೆನ್ಸರಿನ ಬಿಸಿ ತಾಗಬಾರದು. ಬಾಯಿ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರಲಿ. ಅದಕ್ಕೆ ಸೊಳ್ಳೆಪರದೆಯ ಬಲೆಯನ್ನು ಕಟ್ಟಿದರೆ ಹುಳು, ತರಗು ಬರುವುದಿಲ್ಲ. ಬಲೆಯೂ ಕಟ್ಟಿಕೊಳ್ಳುವುದರಿಂದ ವಾರಕ್ಕೊಮ್ಮೆ ಕೊಡವಬೇಕು. ಕೊರೆದ ಪುಡಿ ಒಂದು ಚೂರೂ ಉಳಿಯದಂತೆ ಪೆಟ್ಟಿಗೆಯನ್ನು ತೊಳೆದು, ಒರೆಸಿ, ಬಿಸಿಲಿಗಿಟ್ಟು ಜೋಡಿಸಿರಿ.

ಬೆಲ್ಟಿನಿಂದ ಓಡುವ ಗೇರಿಲ್ಲದ ಬಂಡಿಗಳಲ್ಲಿ ಬೆಲ್ಟಿನ ಮನೆಗೆ ಪ್ರತ್ಯೇಕ ಗಾಳಿಕೊಳವೆ ಇರುತ್ತದೆ. ಅದನ್ನು ಎಂಜಿನ್ನಿನದೆಂದು ಭ್ರಮಿಸಿ ಮುಚ್ಚಬೇಡಿ. ಎಂಜಿನ್ನಿನ ಕೊಳವೆ ಎತ್ತರವಾಯಿತೆಂದು ಹೊಳೆಗೆ ಇಳಿಸುವುದೂ ಸಲ್ಲದು. ಬೆಲ್ಟಿನ ಕೊಳವೆ ಇದ್ದ ಎತ್ತರದಲ್ಲೇ ಇದೆ.

ಪೆಟ್ರೋಲಿನ ಹೊಂದಾಣಿಕೆ

ಗಾಳಿ ಹೆಚ್ಚಿದ ಮೇಲೆ ಪೆಟ್ರೋಲನ್ನು ಪರೀಕ್ಷಿಸಲೇಬೇಕು. ಎರಡು ದಿನ ದುಡಿಸಿ, ಒಂದು ಉದ್ದದ ಏರನ್ನು ಹೊರೆಯೊಂದಿಗೆ ಹತ್ತಿ, ಅಲ್ಲಿಯೇ ಎಂಜಿನ್ನು ನಿಲ್ಲಿಸಿ, ಆರಿದ ಮೇಲೆ ಪ್ಲಗ್ಗು ಬಿಚ್ಚಿರಿ. ಹಾಲು ಹೆಚ್ಚಾದ ಕಾಫಿಯ ಬಣ್ಣವಿದ್ದರೆ ಮಿಶ್ರಣ ಸರಿಯಿದೆ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬಿಳಿಯಾಗಿದ್ದು, ಕೈ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು ಬಂದು, ಬಂಡಿ ಕಾಯುತ್ತಿದ್ದರೆ ಮಿಶ್ರಣ ತೆಳು.

ಎತ್ತರದ ತೋಟಗಳಲ್ಲಿ ಒಂದು ಅನುಕೂಲವಿದೆ. ಗಾಳಿ ತೆಳುವಾದ್ದರಿಂದ ತಗ್ಗಿನ ಊರಿಗೆ ಹೊಂದಿಸಿದ ಕಾರ್ಬುರೇಟರ್ ಇಲ್ಲಿ ಸ್ವಲ್ಪ ಹೆಚ್ಚೇ ಪೆಟ್ರೋಲು ಕೊಡುತ್ತಿರುತ್ತದೆ. ಹೀಗಾಗಿ ಮೂತಿಕೊಳವೆ ಅಗಲ ಮಾಡಿದರೂ ಜೆಟ್ ಬದಲಿಸಬೇಕಾಗದೆ ಇರಬಹುದು. ನಮಗೆ ಬೇಕಾಗಲಿಲ್ಲ. ಮಿಶ್ರಣ ತೆಳುವೆಂದು ಕಂಡರೆ ಸೂಜಿಯ ಕ್ಲಿಪ್ಪನ್ನು ಒಂದು ಗಾಡಿ ಕೆಳಕ್ಕೆ ಹಾಕಿದರೆ ಸೂಜಿ ಮೇಲೇರಿ ನಡುವೇಗದಲ್ಲಿ ಪೆಟ್ರೋಲು ಹೆಚ್ಚುತ್ತದೆ. ಪೂರ್ತಿ ಕೈ ಕೊಟ್ಟಾಗಲೂ ತೆಳುವಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಕ್ಕೆ ಬದಲಿಸಿ ಮತ್ತೆ ನೋಡಬೇಕು. ಇಂಜೆಕ್ಷನ್ ಬಂಡಿಗಳಲ್ಲಿ ಜೆಟ್ ಇಲ್ಲ. ಅದರ ಗಣಕ ಸಣ್ಣ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ದೊಡ್ಡದನ್ನು ಅಲ್ಲ.

ಇತರ ಯಂತ್ರಗಳ ಬಗ್ಗೆ ಒಂದು ಎಚ್ಚರಿಕೆ

ಕಳೆ ಕತ್ತರಿಸುವ ಯಂತ್ರ, ಬೆನ್ನಿಗೆ ಕಟ್ಟುವ ಪವರ್ ಸ್ಪ್ರೇಯರುಗಳಲ್ಲಿ ಅನೇಕವು ಟೂ ಸ್ಟ್ರೋಕಿನವು. ಅವುಗಳಲ್ಲಿ ಪೆಟ್ರೋಲಿನೊಂದಿಗೆ ಬೆರೆತು ಬರುವ ಎಣ್ಣೆಯೇ ಎಂಜಿನ್ನಿನ ಜೀವ. ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾದರೆ ಎಣ್ಣೆಯೂ ಕಡಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅವುಗಳ ಫಿಲ್ಟರನ್ನು ಶುಚಿಯಾಗಿಡಿ, ಪೆಟ್ಟಿಗೆಯ ತಂಟೆಗೆ ಹೋಗಬೇಡಿ. ಬೋರ್ಡೋ ದ್ರಾವಣಕ್ಕೆ ಸುಣ್ಣ ಕಲಸುವಾಗ, ಗೊಬ್ಬರ ಎರಚುವಾಗ ಯಂತ್ರಗಳನ್ನು ಗಾಳಿ ಬರುವ ದಿಕ್ಕಿಗೆ ನಿಲ್ಲಿಸುವುದು ಒಳ್ಳೆಯ ಅಭ್ಯಾಸ.

ಸದಸ್ಯರು ನೆನಪಿಡಬೇಕಾದ ಅಂಶಗಳು

ಕೊಯ್ಲಿನ ಧೂಳಿನ ದಿನಗಳಲ್ಲಿ ಫಿಲ್ಟರನ್ನು ದಿನವೂ ನೋಡಿ, ಕನಿಷ್ಠ ವಾರಕ್ಕೊಮ್ಮೆ ತೊಳೆಯಬೇಕು. ಎರಡು ಸ್ಪಂಜು ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ದುಡಿಯುತ್ತದೆ. ಮಳೆಗಾಲದಲ್ಲಿ ತಳದ ಕೊಳವೆಯಿಂದ ನೀರು ಇಳಿಸಬೇಕು. ಇಳಿಸಿದ ಮೇಲೆ ಮುಚ್ಚಲು ಮರೆಯಬಾರದು. ಅಳೆಯದೆ ಕೊರೆಯಬಾರದು. ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆದಿಟ್ಟು ಓಡಿಸಬಾರದು.

ಈಗ ನಮ್ಮ ಬಂಡಿ ಮುಚ್ಚಳ, ಹೊಸ ಮೂತಿಕೊಳವೆ ಎರಡನ್ನೂ ಹೊತ್ತು ಮೂರನೆಯ ಕೊಯ್ಲನ್ನು ಮುಗಿಸಿದೆ. ಬಿಳಿ ಬಟ್ಟೆಯ ಪರೀಕ್ಷೆಯಲ್ಲಿ ಬೆರಳು ಬಿಳಿಯಾಗಿಯೇ ಹೊರಬರುತ್ತಿದೆ. ಪೈಪು, ಬಾಗು, ಎಂ-ಸೀಲ್, ಮಟ್ಟದ ಟ್ಯೂಬು ಎಲ್ಲ ಸೇರಿ ಆದ ಖರ್ಚು ಒಬ್ಬ ಆಳಿನ ಒಂದು ದಿನದ ಕೂಲಿಯಷ್ಟೂ ಆಗಲಿಲ್ಲ. ಕೊಯ್ಲು ಆರಂಭವಾಗುವ ಮೊದಲೇ, ಬಿಡುವಿನ ಒಂದು ಮಧ್ಯಾಹ್ನ ಸದಸ್ಯರು ತಮ್ಮ ಬಂಡಿಯ ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕೆಂದು ಕೋರುತ್ತೇವೆ.